ಗುಂಪಿಗೆ ಸೂಚನೆ: ಜಿ6ಪಿಡಿ ಕೊರತೆ ಮತ್ತು ನುಸಿಗುಳಿಗೆ

ಎಲ್ಲರಿಗೂ ನಮಸ್ಕಾರ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಎಂದರೇನು ಎಂದು ನಿನ್ನೆ ಹಲವರು ಕೇಳಿದ್ದೀರಿ. ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಮೈಟೊಕಾಂಡ್ರಿಯಾ ಇಲ್ಲ. ಸುಮಾರು 120 ದಿನ ಗ್ಲೂಕೋಸ್ ಒಂದನ್ನೇ ನಂಬಿ ಬದುಕುತ್ತದೆ. ಹೊಸ ಕಿಣ್ವ ತಯಾರಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಉತ್ಕರ್ಷಣದ (ಆಕ್ಸಿಡೇಶನ್) ಪೆಟ್ಟಿನಿಂದ ಅದನ್ನು ಕಾಯುವ ಸರಪಳಿಯಲ್ಲಿ ಜಿ6ಪಿಡಿ ಮೊದಲ ಕೊಂಡಿ. ಈ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿದ್ದವರಲ್ಲಿ ಕೆಲವು ಔಷಧ, ಸೋಂಕುಗಳಿಂದ ಕಣಗಳು ಒಡೆಯುತ್ತವೆ: ಕಣ್ಣು ಹಳದಿ, ಮೂತ್ರ ಹಾಲು ಹಾಕದ ಕಾಫಿಯಂತೆ. ಎಕ್ಸ್ ವರ್ಣತಂತುವಿನ ದೋಷವಾದ್ದರಿಂದ ಗಂಡುಮಕ್ಕಳಲ್ಲೇ ಹೆಚ್ಚು.

ಬಾಣಂತಿಯಿರುವ ಮನೆಯವರು ಗಮನಿಸಿ. ಅಜ್ಜಿಯ ಟ್ರಂಕಿನಿಂದ ತೆಗೆದ, ನ್ಯಾಫ್ತಲೀನ್ ನುಸಿಗುಳಿಗೆ ಘಮ್ಮೆನ್ನುವ ಬಟ್ಟೆಯನ್ನು ಕೂಸಿಗೆ ಸುತ್ತಬೇಡಿ; ಕೊರತೆಯಿರುವ ಕೂಸಿನ ರಕ್ತಕಣಗಳನ್ನು ನ್ಯಾಫ್ತಲೀನ್ ಒಡೆಯಬಲ್ಲದು. ಹಿರಿಯರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ.

ಕೊರತೆ ಇರುವವರಿಗೆ ಮಲೇರಿಯಾ ಬಂದರೆ, ಕಣಗಳನ್ನು ಒಡೆಯಬಲ್ಲ ಪ್ರೈಮಾಕ್ವಿನ್ ಎಂಬ ಮಲೇರಿಯಾ ಮಾತ್ರೆ ನುಂಗುವ ಮೊದಲೇ ವೈದ್ಯರಿಗೆ ತಿಳಿಸಿ.

ಇನ್ನೊಂದು ಮಾತು: ಕಣಗಳು ಒಡೆದ ಬೆನ್ನಲ್ಲೇ ಜಿ6ಪಿಡಿ ಪರೀಕ್ಷೆ ಮಾಡಿಸಿದರೆ ಎಲ್ಲವೂ ಸರಿಯಿದೆ ಎಂದು ವರದಿ ಬರಬಹುದು. ಮುದಿ ಕಣಗಳು ಹೋಗಿ, ಕಿಣ್ವ ಹೆಚ್ಚಿರುವ ಎಳೆಯ ಕಣಗಳೇ ಹೆಚ್ಚಾಗಿ ಉಳಿದಿರುತ್ತವೆ. ಅನುಮಾನವಿದ್ದರೆ ಸುಮಾರು ಮೂರು ತಿಂಗಳ ನಂತರ ಮತ್ತೊಮ್ಮೆ ಮಾಡಿಸಿ.