ಮಗಳಿಗೊಂದು ಪತ್ರ: ಎಲ್ಲಿ ನೋವು ಅಂತ ಸರಿಯಾಗಿ ಹೇಳು

ಪುಟ್ಟಿ,

ನೀನು ಓಡಬೇಕಾದ ಮುಂಬೈ ಮ್ಯಾರಥಾನ್‌ಗೆ ಇನ್ನು ಎರಡು ತಿಂಗಳೂ ಇಲ್ಲ. ಕೇಳಿದಾಗಲೆಲ್ಲ "ಕಾಲು ಪರವಾಗಿಲ್ಲಮ್ಮ" ಅಂತೀಯ. ದೀಪಾವಳಿಗೆ ಬಂದಾಗ ನಾನು ನೋಡಿದ್ದೇ ಬೇರೆ. ಬೆಳಿಗ್ಗೆ ಎದ್ದವಳು ಬಲಗಾಲಿನ ಹಿಮ್ಮಡಿ ಊರಲಾಗದೆ ಗೋಡೆ ಹಿಡಿದುಕೊಂಡು ಬಚ್ಚಲುಮನೆಗೆ ಹೋದೆ. ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸರಿಹೋಯಿತು.

ಇಷ್ಟು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳಿಗೆ ಅದು ಹೊಸ ನೋವಲ್ಲ. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ. ಅದರ ಮೇಲೆ ಭಾರ ಜಾಸ್ತಿ ಬಿದ್ದರೆ ಹೀಗೇ ಆಗುತ್ತದೆ, ಬೆಳಗಿನ ಮೊದಲ ಹೆಜ್ಜೆಗೇ ಚುಚ್ಚುತ್ತದೆ. ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಬಹುದು. ಆದರೂ ನೋಡಿಕೊಂಡು ನಿಭಾಯಿಸಬಹುದು.

ನನಗೆ ಅದಕ್ಕಿಂತ ಜಾಸ್ತಿ ಚಿಂತೆ ನಿನ್ನ ಎಡಗಾಲಿನದ್ದು. ಮೊಣಕಾಲಿನ ಕೆಳಗೆ, ಮೂಳೆಯ ಒಳಅಂಚಿನಲ್ಲಿ ನೋವು ಅಂದಿದ್ದೆ. ಇವತ್ತು ಕೂತು ಹೆಬ್ಬೆರಳಿನಿಂದ ಆ ಅಂಚಿನುದ್ದಕ್ಕೂ ಮೆಲ್ಲಗೆ ಒತ್ತಿ ನೋಡು. ಗೇಣುದ್ದ ಹರಡಿಕೊಂಡ ನೋವಾದರೆ ಶಿನ್ ಸ್ಪ್ಲಿಂಟ್ಸ್ ಇರಬಹುದು, ಅಂದರೆ ಓಟ ಜಾಸ್ತಿಯಾಗಿ ಆ ಮೂಳೆಯ ಅಂಚು ನೋಯುವುದು. ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆ ಬಿರುಕು ಬಿಡುತ್ತಿರಬಹುದು. ಆಗ ಓಟ ಆ ಕ್ಷಣವೇ ನಿಲ್ಲಬೇಕು. ಎಕ್ಸ್-ರೇ ಚೆನ್ನಾಗಿದೆ ಅಂತ ಸುಮ್ನೆ ಇರಬೇಡ. ಶುರುವಿನ ವಾರಗಳಲ್ಲಿ ಅದರಲ್ಲಿ ಏನೂ ಕಾಣದೇ ಇರಬಹುದು, ಎಂಆರ್‌ಐ ಬೇಕಾಗುತ್ತದೆ. ಡಾಕ್ಟರಿಗೆ "ಕಾಲುನೋವು" ಅಂತಷ್ಟೇ ಹೇಳಿ ಬರಬೇಡ. ಎಲ್ಲಿ, ಯಾವಾಗ, ಎಷ್ಟು ದೂರ ಓಡಿದ ಮೇಲೆ ಅಂತ ಬಿಡಿಸಿ ಹೇಳು.

ಕಬ್ಬನ್ ಪಾರ್ಕಿನಲ್ಲಿ ಈಗ ಉಸಿರು ಹತ್ತುವುದೇ ಇಲ್ಲ ಅಂತ ಖುಷಿಯಿಂದ ಹೇಳಿದ್ದೆಯಲ್ಲ, ಪುಟ್ಟಿ, ತೊಂದರೆ ಶುರುವಾಗುವುದೇ ಅಲ್ಲಿ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಉಸಿರು ಆರಾಮಾಗಿದೆ ಅಂತ ನೀನು ಕಿಲೋಮೀಟರ್ ಏರಿಸುತ್ತಾ ಹೋದೆ, ಕಾಲು ಅದನ್ನು ತಡೆದುಕೊಳ್ಳಲಿಲ್ಲ.

ಜೋನ್ ಬೆನಾಯ್ಟ್ ಕಥೆಯನ್ನು ನೀನೇ ನನಗೆ ಹೇಳಿದ್ದೆ. 1984ರಲ್ಲಿ ಮೊಣಕಾಲಿನ ಆಪರೇಷನ್ ಆದ 17 ದಿನಕ್ಕೆ ಅಮೆರಿಕದ ಒಲಿಂಪಿಕ್ ಆಯ್ಕೆ ಓಟ ಗೆದ್ದಳು. ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹೆಂಗಸರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದಳು. ದೊಡ್ಡ ಛಲ, ನಿಜ. ಆದರೆ ಅದಕ್ಕೂ ಮೊದಲು, ಮೊಣಕಾಲು ಕೈಕೊಟ್ಟಾಗ ಅವಳು ಓಟ ನಿಲ್ಲಿಸಿದ್ದಳು, ಡಾಕ್ಟರ ಕೈಗೆ ಕಾಲು ಕೊಟ್ಟಿದ್ದಳು. ಆ ಭಾಗವನ್ನು ಯಾರೂ ಹೇಳುವುದಿಲ್ಲ. ಪಾಲಾ ರ‍್ಯಾಡ್‌ಕ್ಲಿಫ್ ಗೊತ್ತಲ್ಲ, ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ? 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಮುಂಚೆ ಅವಳ ಕಾಲಿಗೆ ಪೆಟ್ಟಾಗಿತ್ತು. ಓಟ ಮುಗಿಸಲಾಗದೆ ರಸ್ತೆ ಬದಿ ಕೂತು ಅತ್ತಳು. ಅದೇ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದಳು. ಒಂದು ಓಟ ಕೈತಪ್ಪಿತು ಅಂತ ಓಟಗಾರ್ತಿಯ ಬದುಕು ಮುಗಿಯಲಿಲ್ಲ.

ಇನ್ನೊಂದು ಮಾತು ಅಪ್ಪನ ಮುಂದೆ ಕೇಳಲಿಲ್ಲ. ಮುಟ್ಟು ತಪ್ಪುತ್ತಿದೆ ಅಂದೆಯಲ್ಲ, ಅದು ಓಡುವವರಿಗೆ ಸಹಜ ಅಂತ ಬಿಡಬೇಡ. ಓಡುವಷ್ಟಕ್ಕೆ ತಕ್ಕಂತೆ ತಿನ್ನದಿದ್ದರೆ ಮೈ ಮೊದಲು ಹಾರ್ಮೋನುಗಳಲ್ಲಿ ಉಳಿತಾಯ ಮಾಡುತ್ತದೆ, ಆಮೇಲೆ ಮೂಳೆ ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೊಂದು ಹೆಸರಿಟ್ಟು ಎಚ್ಚರಿಸಿದೆ. ನಿನ್ನ ಕಾಲಿನ ನೋವಿಗೂ ಇದಕ್ಕೂ ನಂಟಿರಬಹುದು. ರಾತ್ರಿ ಬರೀ ಸಲಾಡ್ ತಿಂದು ಮಲಗಬೇಡ. ಮುದ್ದೆ, ಕಾಳಿನ ಸಾರು, ಮೊಸರು, ಮೊಟ್ಟೆ ಹೊಟ್ಟೆ ತುಂಬ ತಿನ್ನು. ಕಬ್ಬಿಣಾಂಶ, ವಿಟಮಿನ್ ಡಿ ಎರಡನ್ನೂ ಪರೀಕ್ಷೆ ಮಾಡಿಸು.

ನೋವಿನ ಮಾತ್ರೆ ನುಂಗಿ ಲಾಂಗ್ ರನ್‌ಗೆ ಮಾತ್ರ ಖಂಡಿತ ಹೋಗಬೇಡ. ಬೆವರಿ ಮೈಯಲ್ಲಿ ನೀರು ಕಮ್ಮಿಯಾದಾಗ ಐಬುಪ್ರೊಫೇನ್‌ನಂಥ ಮಾತ್ರೆ ಕಿಡ್ನಿಗೆ ಕೆಟ್ಟದ್ದು. ನೋವು ಗೊತ್ತಾಗದೆ ಇನ್ನಷ್ಟು ಓಡಿ ಬಿರುಕು ದೊಡ್ಡದು ಮಾಡಿಕೊಳ್ಳುವ ಭಯ ಬೇರೆ. ಮುಂಬೈ ಅಂದರೆ ಬೆಂಗಳೂರಿನ ತಂಪಲ್ಲ. ಜನವರಿಯಲ್ಲೂ ಬೆವರು ಸುರಿಯುತ್ತದೆ. ಸುಸ್ತಾದ ಮೇಲೆ ಪೆಡ್ಡರ್ ರೋಡಿನ ಏರು ಬೇರೆ. ಕುಂಟುತ್ತಾ ಅಲ್ಲಿಗೆ ಹೋದರೆ ಒಂದು ಕಾಲಿನ ಭಾರವೆಲ್ಲ ಇನ್ನೊಂದು ಮೊಣಕಾಲಿಗೆ ಬೀಳುತ್ತದೆ.

ಈ ಭಾನುವಾರದ 30 ಕಿ.ಮೀ. ಬಿಟ್ಟುಬಿಡು. ಮೂಳೆಯ ಡಾಕ್ಟರಿಗೆ ತೋರಿಸುವವರೆಗೆ ಈಜುಕೊಳದಲ್ಲಿ ತೇಲಿಸುವ ಬೆಲ್ಟ್ ಕಟ್ಟಿಕೊಂಡು ನೀರಿನಲ್ಲೇ ಓಡು, ದಮ್ಮು ಉಳಿಯುತ್ತದೆ. ಅವರು ಮೂಳೆ ಸರಿಯಿದೆ ಅಂದರೆ ಹಿಮ್ಮಡಿಗೊಂದು ವ್ಯಾಯಾಮ ಇದೆ. ಮೆಟ್ಟಿಲಿನ ತುದಿಯಲ್ಲಿ ನಿಂತು, ಬೆರಳ ಕೆಳಗೆ ಟವೆಲ್ ಸುರುಳಿ ಇಟ್ಟು, ಹಿಮ್ಮಡಿಯನ್ನು ನಿಧಾನಕ್ಕೆ ಎತ್ತಿ ನಿಧಾನಕ್ಕೆ ಇಳಿಸುವುದು. ಫಿಸಿಯೋ ಎದುರಿಗೇ ಕಲಿತುಕೋ.

ಮುಂಬೈಗೆ ನಮ್ಮಿಬ್ಬರ ಟಿಕೆಟ್ ಆಗಿದೆ. ನೀನು ಓಡಿದರೂ ಬರುತ್ತೇವೆ, ಓಡದಿದ್ದರೂ ಬರುತ್ತೇವೆ. ಡಾಕ್ಟರ್ ಹತ್ತಿರ ಹೋಗಿಬಂದ ಮೇಲೆ ಫೋನ್ ಮಾಡು, ಅವರು ಹೇಳಿದ್ದನ್ನು ಒಂದೂ ಬಿಡದೆ ಹೇಳು.

ನಿನ್ನ ಅಮ್ಮ