ನ್ಯೂಸ್ ಚಾನೆಲ್ ಸೇರಿದ ಪುಟ್ಟಿಗೆ ದೊಡ್ಡಪ್ಪನ ಕಾಗದ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನ್ಯೂಸ್ ಚಾನೆಲ್ ಡೆಸ್ಕಲ್ಲಿ ಕೆಲಸ ಸಿಕ್ತು ಅಂತ ನಿನ್ನಪ್ಪ ಫೋನ್ ಮಾಡಿದ್ದ, ಖುಷಿ ಆಯ್ತು ಮಾರಾಯ್ತಿ. ಟಿವಿ ಕೆಳಗೆ ಓಡೋ ಆ ಸಾಲು ಇನ್ಮೇಲೆ ನೀನು ಬರೆಯೋದಂತೆ, ಅದಕ್ಕೇ ಒಂದೆರಡು ಮಾತು, ಬೇಜಾರ್ ಮಾಡ್ಕೋಬೇಡ.

ಶಿವಮೊಗ್ಗ ಹತ್ರದ ಹುಣಸೋಡು ನೆನಪಿದ್ಯಲ್ಲ, 2021ರ ಜನವರಿ 21ರ ರಾತ್ರಿ. ಇಲ್ಲಿ ತೀರ್ಥಹಳ್ಳಿಲಿ ಕಿಟಕಿ ಗಾಜೆಲ್ಲ ಗಡಗಡ ಅಂತು, ನಿನ್ ದೊಡ್ಡಮ್ಮ ಸ್ವೆಟರೂ ಹಾಕ್ಕೊಳ್ದೆ ಅಂಗಳಕ್ಕೆ ಓಡಿದ್ಲು, ಟಿವಿ ಹಾಕಿದ್ರೆ ಭೂಕಂಪ ಭೂಕಂಪ ಅಂತ ಬರ್ತಿದೆ. ಆಮೇಲಲ್ವಾ ಗೊತ್ತಾಗಿದ್ದು ಅಲ್ಲಿ ಕಲ್ಲು ಕ್ರಷರ್ ಹತ್ರ ಸ್ಫೋಟಕ ಸಿಡಿದು ಜನ ಸತ್ತಿದ್ದು. ನೋಡು, ಭೂಕಂಪ ಅಂದ್ರೆ ಯಾರನ್ನೂ ಕೇಳೋ ಹಾಗಿಲ್ಲ, ದೇವ್ರ ಮೇಲೆ ಭಾರ ಹಾಕಿ ಮಲಗ್ಬೋದು. ಸ್ಫೋಟಕ ಅಂದ್ರೆ ತಂದೋರ್ಯಾರು, ಬಿಟ್ಕೊಂಡೋರ್ಯಾರು ಅಂತ ಸಿಟ್ಟು ಬರತ್ತೆ, ಬರ್ಲೇಬೇಕು. ಸದ್ದು ಒಂದೇ, ಆದ್ರೆ ನೀವು ಮೊದ್ಲು ಏನಂತೀರೋ ಊರೆಲ್ಲ ಅದೇ ಕಡೆ ಹೊರಳತ್ತೆ, ಆಮೇಲೆ ತಿದ್ದಿದ್ದನ್ನ ಅರ್ಧ ಜನ ನೋಡೋದೇ ಇಲ್ಲ.

ಇನ್ನು ನಮ್ಮ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕಿದ ಕಾಯಿಲೆ ಇದು, ಹೊಸದೇನಲ್ಲ, ಆದ್ರೂ ಸಾಗರದ ಅರಳಗೋಡಲ್ಲಿ 2019ರಲ್ಲಿ ಜೋರಾದಾಗ ಟಿವಿ ತುಂಬ ಮರಣ ಮೃದಂಗ, ಬೆಚ್ಚಿಬಿದ್ದ ಮಲೆನಾಡು, ಹಿಂದೆ ಢಂ ಢಂ ಮ್ಯೂಸಿಕ್ಕು. ಬೆಚ್ಚಿಬಿದ್ವಿ ಸರಿ, ಬಿದ್ದು ಏನ್ ಮಾಡ್ಬೇಕು? ಕಾಯಿಲೆ ಹರಡೋದು ಉಣುಗು, ಅಂದ್ರೆ ಉಣ್ಣೆ ಹುಳ ಕಚ್ಚಿ, ಕಾಡಿಂದ ದರಗು, ಅದೇ ಒಣಗಿದ ಎಲೆ, ತರೋಕೆ ಹೋಗೋ ಹೆಂಗಸ್ರು ಉಣುಗು ಹತ್ತದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಕೊಂಡು ಹೋಗ್ಬೇಕು, ಸತ್ತ ಮಂಗ ಕಂಡ್ರೆ ಮುಟ್ಟದೆ ಆಸ್ಪತ್ರೆಗೆ ತಿಳಿಸ್ಬೇಕು. ಭಯ ಹುಟ್ಸಿದ್ಮೇಲೆ ಅದಕ್ಕೊಂದು ದಾರಿನೂ ತೋರಿಸ್ಬೇಕಲ್ವಾ.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಗಲಾಟೆ ಆದಾಗ ಸ್ಟುಡಿಯೋದಲ್ಲಿ ಕೂತು ಯುದ್ಧದ ಸೈರನ್ ಹಾಕಿದ್ದೇ ಹಾಕಿದ್ದು, ಕೊನೆಗೆ ಸರ್ಕಾರನೇ ಹಾಗೆಲ್ಲ ಹಾಕ್ಬೇಡಿ, ಕೇಳಿ ಕೇಳಿ ರೂಢಿಯಾದ್ರೆ ನಿಜವಾಗ್ಲೂ ದಾಳಿ ಆದಾಗ ಜನ ಕಿವಿಗೇ ಹಾಕ್ಕೊಳಲ್ಲ ಅಂತ ಚಾನೆಲ್‌ನೋರಿಗೆ ಹೇಳ್ಬೇಕಾಯ್ತು. ಇದನ್ನ ನಿನ್ ಟೇಬಲ್ ಮುಂದೆ ಬರ್ಕೊಂಡು ಅಂಟಿಸ್ಕೋ.

ಸಾವಿನ ಮನೆ ಬಾಗ್ಲಲ್ಲಿ ಮೈಕ್ ಹಿಡಿದು ಏನನ್ನಿಸ್ತಿದೆ ಅಂತ ಕೇಳೋ ಜಾತಿಗೆ ಮಾತ್ರ ಸೇರ್ಬೇಡ. ಏನನ್ನಿಸತ್ತೆ ಅವ್ರಿಗೆ? ಪಹಲ್ಗಾಮಲ್ಲಿ ಉಗ್ರರ ದಾಳಿಲಿ ನಮ್ಮ ಶಿವಮೊಗ್ಗದೋರೂ ಒಬ್ರು ತೀರ್ಕೊಂಡ್ರಲ್ಲ, ಆಗಿಂದ ಈ ಪ್ರಶ್ನೆ ಕೇಳಿದ್ರೇ ನಂಗೆ ಮೈ ಉರಿಯತ್ತೆ.

ನಿನ್ ಮೇಲಿನೋರು ಬೇಗ ಬೇಗ ಅಂತಾರೆ, ಗೊತ್ತು, ಪಕ್ಕದ ಚಾನೆಲ್ ಹಾಕಿಯಾಯ್ತು ಅಂತಾರೆ. ಯಾರು ಹೇಳಿದ್ದು ಅಂತ ಒಂದ್ಸಲ ಕೇಳಿಬಿಡು, ಡಿಸಿ ಆಫೀಸಾ, ಪೊಲೀಸರಾ, ಬರೀ ವಾಟ್ಸಾಪಾ. ಗೊತ್ತಿಲ್ಲದಿದ್ರೆ ಜೋರು ಸದ್ದು ಕೇಳಿಸಿದೆ, ಕಾರಣ ತಿಳಿದಿಲ್ಲ ಅಂತಷ್ಟೇ ಹಾಕು.

ಈ ಸಲ ಬೇಸಿಗೆಲಿ ಮಂಗನ ಕಾಯಿಲೆ ಮೊದ್ಲ ಕೇಸ್ ಬಂದ ದಿನ ಡೆಪಾ ಎಣ್ಣೆ ಎಲ್ಲಿ ಸಿಗತ್ತೆ ಅನ್ನೋದೊಂದು ಸಾಲು ಓಡ್ಸು. ನೋಡ್ತಿರ್ತೀನಿ, ಕರೆಂಟ್ ಇದ್ರೆ.

ನಿನ್ನ ದೊಡ್ಡಪ್ಪ