ಆ ಗಳಿಗೆ ಹೊಳೆಯದೇ ಹೋದರೆ?

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿ ನಿಮ್ಮಮ್ಮ ಹೇಳಿರುತ್ತಾಳೆ, ಬಿಡು. ನಿನ್ನ ಕಾಗದದ ಕೊನೆಯ ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ‘ನೌಕಾಪಡೆಯ ಅಣಕು ಯುದ್ಧದಲ್ಲಿ, ಆ ವಾರ್‌ಗೇಮ್‌ನಲ್ಲಿ, ಐದು ಹಡಗು ಮುಳುಗಿಸಿದೆ, ಆದರೂ ಸೋತೆ ಅಂದರು. ಯಾವಾಗ ಬೆನ್ನಟ್ಟಬೇಕು, ಯಾವಾಗ ಬಿಟ್ಟುಬರಬೇಕು ಅನ್ನುವುದು ನಿಜವಾದ ದಿನ ಹೊಳೆಯದೇ ಹೋದರೆ?’

ನೀನು ಕೇಳಿದ್ದು ಆಪರೇಷನಲ್ ಆರ್ಟ್‌ನ ಪ್ರಶ್ನೆ, ಅಂದರೆ ಬಿಡಿ ಕಾಳಗಗಳನ್ನು ಇಡೀ ಯುದ್ಧದ ಗುರಿಗೆ ಹೊಂದಿಸುವ ಕಲೆಯದು. ಆ ಮಾತು 1920ರ ದಶಕದಲ್ಲಿ ಸೋವಿಯತ್ ಸೇನೆಯಲ್ಲಿ ಹುಟ್ಟಿದ್ದು, ನೆಲದ ಯುದ್ಧ ಕಂಡವರಿಂದ. ನೆಲದ ಮೇಲೆ ಗುಡ್ಡ ಗೆದ್ದರೆ ಗುಡ್ಡ ಕೈಯಲ್ಲಿರುತ್ತದೆ. ಸಮುದ್ರದಲ್ಲಿ ಗೆದ್ದ ಮೇಲೂ ಅದೇ ನೀರು. ಅದರ ಮೇಲೆ ಯಾರ ಸೈನ್ಯ, ಯಾರ ಸರಕು ಸಾಗುತ್ತದೆ ಅನ್ನುವುದೇ ಲೆಕ್ಕ. ನಿನ್ನ ಐದು ಹಡಗು ಆ ಲೆಕ್ಕಕ್ಕೆ ಜಮೆಯಾಗಲಿಲ್ಲ.

1942ರ ಆಗಸ್ಟ್ 9ರ ನಡುರಾತ್ರಿ ಪೆಸಿಫಿಕ್‌ನ ಸಾವೋ ದ್ವೀಪದ ಬಳಿ ಜಪಾನಿನ ಅಡ್ಮಿರಲ್ ಮಿಕಾವಾ ಒಂದು ಗಂಟೆಯೊಳಗೆ ಅಮೆರಿಕದ ಕಡೆಯ ನಾಲ್ಕು ಕ್ರೂಸರ್ ಯುದ್ಧನೌಕೆಗಳನ್ನು ಮುಗಿಸಿದ. ಪಕ್ಕದ ಗ್ವಾಡಲ್‌ಕನಾಲ್ ದ್ವೀಪಕ್ಕೆ ಸರಕಿಳಿಸುತ್ತಿದ್ದ ಅಮೆರಿಕದ ಹಡಗುಗಳು ಮುಂದೆಯೇ ಇದ್ದವು. ಬೆಳಕು ಹರಿದರೆ ವಿಮಾನಗಳು ಬಂದಾವೆಂದು ಹೆದರಿ ಅವನ್ನು ಮುಟ್ಟದೆ ತಿರುಗಿಬಿಟ್ಟ. ಅಮೆರಿಕದ ವಿಮಾನವಾಹಕಗಳು ಆಗಲೇ ದೂರ ಸರಿಯುತ್ತಿದ್ದವು, ಅವನಿಗೆ ಗೊತ್ತಿರಲಿಲ್ಲ. ಅವನಿಗೂ ಹೊಳೆಯಲಿಲ್ಲ, ನೋಡು. 1944ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಡ್ಮಿರಲ್ ಹಾಲ್ಸಿಯದು ತದ್ವಿರುದ್ಧ: ವಿಮಾನವೇ ಹೆಚ್ಚಿಲ್ಲದ ಜಪಾನಿನ ಓಝಾವಾನ ವಿಮಾನವಾಹಕಗಳ ಬೆನ್ನುಹತ್ತಿ, ಫಿಲಿಪೀನ್ಸ್‌ನಲ್ಲಿ ಕಾಯಬೇಕಿದ್ದ ಸಾನ್ ಬರ್ನಾರ್ಡಿನೊ ಜಲಸಂಧಿಗೆ ಒಂದು ಕಾವಲು ಹಡಗನ್ನೂ ಬಿಡದೆ ಹೋದ.

ನಾನೂ ಹಾಗೇ ಹೋದವನು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಒಂದು ಕವಾಯತಿನಲ್ಲಿ ಟ್ಯಾಂಕರ್ ಕಾಯುವುದು ನನ್ನ ಫ್ರಿಗೇಟಿನ ಕೆಲಸ. ಸೋನಾರ್‌ನಲ್ಲಿ ಸಬ್‌ಮರೀನ್ ಸದ್ದು ಸಿಕ್ಕಿತು, ರಕ್ತ ಬಿಸಿಯಾಯಿತು. ಹಡಗುಗಳ ಜಾಗವನ್ನು ನಕಾಶೆಯ ಮೇಲೆ ಗುರುತಿಸುತ್ತಾ ಪ್ಲಾಟ್ ಬರೆಯುತ್ತಿದ್ದ ಹುಡುಗ ಪೆನ್ಸಿಲ್ ತುದಿಯನ್ನು ಟ್ಯಾಂಕರ್ ಗುರುತಿನ ಮೇಲಿಟ್ಟು ‘ಸರ್, ಇದು…’ ಅಂದ. ಕೈ ಬೀಸಿ ಸುಮ್ಮನಾಗಿಸಿದೆ. ನಾಲ್ಕು ಗಂಟೆ ಬೆನ್ನಟ್ಟಿ ಸಬ್‌ಮರೀನ್ ‘ಹೊಡೆದೆ’. ಅಷ್ಟರಲ್ಲಿ ಇನ್ನೊಂದು ಸಬ್‌ಮರೀನ್ ಟ್ಯಾಂಕರನ್ನು ಮುಗಿಸಿತ್ತು. ಎಣ್ಣೆಯಿಲ್ಲದೆ ಇಡೀ ಪಡೆ ಹಿಂದಿರುಗಿತು. ವರದಿಯಲ್ಲಿ ನನ್ನ ಸಬ್‌ಮರೀನಿನ ವಿಷಯ ದೊಡ್ಡದಾಗಿ ಬರೆದೆ. ನೀನು ಹೇಳಿದ್ದೇ ಸರಿ ಕಣೋ ಅಂತ ಆ ಹುಡುಗನಿಗೆ ಮಾತ್ರ ಕೊನೆಗೂ ಹೇಳಲಿಲ್ಲ. ಟ್ಯಾಂಕರಿಗಿಂತ ಇದೇ ಈಗ ಹೆಚ್ಚು ಕೊರೆಯುತ್ತದೆ.

ಹಾಗಂತ ತಿರುಗಿಬರುವುದೇ ತಪ್ಪು ಅಂದುಕೊಳ್ಳಬೇಡ. 1916ರ ಜಟ್ಲೆಂಡ್ ಕಾಳಗದ ಸಂಜೆ ಬ್ರಿಟಿಷ್ ಅಡ್ಮಿರಲ್ ಜೆಲ್ಲಿಕೋ ಜರ್ಮನರ ಟಾರ್ಪಿಡೊಗಳಿಂದ ದೂರ ತಿರುಗಿದ್ದಕ್ಕೆ ವರ್ಷಗಟ್ಟಲೆ ಬೈಸಿಕೊಂಡ. ಬ್ರಿಟಿಷರು ಹೆಚ್ಚು ಹಡಗು ಕಳೆದುಕೊಂಡರೂ ಜರ್ಮನಿಯ ಮೇಲಿನ ದಿಗ್ಬಂಧನ ಮಾತ್ರ ಸಡಿಲಲಿಲ್ಲ. ಅವನು ಕಾಯುತ್ತಿದ್ದದ್ದು ಅದನ್ನೇ.

ಉಪದೇಶ ಮಾಡುವಷ್ಟು ಯೋಗ್ಯತೆ ನನಗಿಲ್ಲ, ಆದರೂ. ಹೊರಡುವ ಮುಂಚೆಯೇ, ತಲೆ ತಣ್ಣಗಿರುವಾಗ, ಏನು ಕಂಡರೆ ತಿರುಗುವುದು ಅಂತ ನಕಾಶೆಯ ಅಂಚಿನಲ್ಲಿ ಬರೆದಿಟ್ಟುಕೋ. ಎಣ್ಣೆ ಹಡಗು ಎಲ್ಲಿದೆ ಅಂತ ಗಂಟೆಗೊಮ್ಮೆ ಕೇಳು, ನಗುವವರು ನಗಲಿ. ಇಷ್ಟು ಮಾಡಿದರೆ ಹೊಳೆದೇ ಹೊಳೆಯುತ್ತದೆ ಅಂತ ಹೇಳಲಾರೆ. ನನಗೆ ಹೊಳೆದದ್ದು ಬಂದರಿಗೆ ಬಂದು ಹಗ್ಗ ಕಟ್ಟಿದ ಮೇಲೆ.

ಮುಂದಿನ ಗೇಮ್ ಯಾವಾಗ? ನಿನ್ನ ಪ್ಲಾಟ್ ಬರೆಯುವವರು ಯಾರು, ಹೆಸರು ಬರೆ.

ನಿನ್ನ ದೊಡ್ಡಪ್ಪ